ತಾರೀಖಿಲ್ಲದ ಮನಿ

ಸ್ಟೇಶನ್ ರೋಡಿನ ಟೈರ್ ಅಂಗಡಿಯವರು ಕೊಟ್ಟ ಕ್ಯಾಲೆಂಡರು
ಫ್ರಿಜ್ಜಿನ ಮಗ್ಗುಲಿಗೆ ಜೋತು ಬಿದ್ದೈತಿ.
ಕೆಂಪು ನಂದು, ರಿಮ್ಸಿನ ನೈಟ್ ಡ್ಯೂಟಿ.
ಹಸಿರು ಇವರದು, ಶಕ್ತಿನಗರದ ಪಾಳಿ:
ಎ ಅಂದ್ರ ಮುಂಜಾನಿ, ಬಿ ಅಂದ್ರ ಮಧ್ಯಾಹ್ನ,
ಸಿ ಅಂದ್ರ, ನನ್ನ ಕೆಂಪಿಗೆ ತಾಗಬಾರದು.
ನೀಲಿ ಗೆರಿ ನಳದ್ದು.
ಎಲ್ಲಾ ಆಕಡೆ ಈಕಡೆ ಸರಿಸಬಹುದು,
ನೀರು ಬಿಡಾಂವನ ಮನಸ್ಸು ಸರಿಸಾಕ ಬರೂದಿಲ್ಲ.

ಹದಿನಾರಕ್ಕ ಸಣ್ಣಾಕಿಗೆ ಲಸಿಕಿ,
ಮೌನೇಶನ ಸಾಲಿ ಮೀಟಿಂಗು, ಸಿಲಿಂಡರು,
ಮೂರೂ ಒಂದ ಮನಿಯಾಗ ನುಗ್ಗಿ
ಮೊಣಕೈಲೆ ತಿವಿದಾಡ್ತಾವ.
ಸಿಸ್ಟರ್ ಶಾಹಿನಾಗ ಫೋನ್ ಹಚ್ಚಿ
ಒಂದು ರಾತ್ರಿ ಕಡ ಕೇಳಿದೆ.
ಕೊಟ್ಟಳು.
"ರಮ್ಜಾನಿನ ಚಂದ್ರ ಕಂಡ ರಾತ್ರಿ ತೀರಿಸು" ಅಂದಳು.
ಯಾವ ತಾರೀಖು, ಅಕಿಗೂ ಗೊತ್ತಿಲ್ಲ.
ಎರಡು ಮನಿಯ ನಡುವಿನ ಗೆರಿ ಮ್ಯಾಲೆ
ಪೆನ್ಸಿಲ್ಲಲೆ ಬರಕೊಂಡೆ.

ಕಡೀ ಸಾಲಿನಾಗ, ಮೂವತ್ತೊಂದು ಮುಗದ ಮ್ಯಾಲೆ,
ಎರಡು ಖಾಲಿ ಮನಿ.
ಸ್ಟೂಲ್ ಹತ್ತಿ ಮೌನೇಶ ಒಂದರಾಗ ಬರದಾನ,
ಅಕ್ಷರ ಇಳಜಾರು:
ಎಲ್ಲಾರೂ ಮನಿಯಾಗ.

ಒರಸಾಕ ಕೈ ಬರಲಿಲ್ಲ.
"ಅವತ್ತು ನಳ ಬರ್ತೈತೇನೋ?" ಅಂದೆ.
ಸ್ವಲ್ಪ ಹೊತ್ತು ನೋಡಿದ,
ನೀಲಿ ಪೆನ್ನು ಹುಡುಕಾಕ ಹೋದ.