ಫ್ರಿಜ್ಜಿನೊಳಗಿನ ಚಳಿಗಾಲ

ಹತ್ತು ವಾರ, ಹಂದಿಮಾಂಸದ ಡಬ್ಬಿಯ ಪಕ್ಕ,
ಕಂದು ಸಿಪ್ಪೆಯ ಟ್ಯುಲಿಪ್ ಗೆಡ್ಡೆಗಳು.
ಮಡಿಕೇರಿಯ ಚಳಿ ಸಾಲದಂತೆ ಇವಕ್ಕೆ.
ಒಂದನ್ನು ಈರುಳ್ಳಿಯೆಂದು ಹೆಚ್ಚಿಯೇಬಿಟ್ಟೆ;
ಚೋಂದಮ್ಮ ಮಾವಿ ಮೂರು ದಿನ ಮಾತಾಡಲಿಲ್ಲ.

ಫೆಬ್ರವರಿಯಲ್ಲಿ ಮೊದಲು ಎದ್ದದ್ದು ಗಿಡ್ಡ ಕೆಂಪು,
ಬೇಗ ಬಂದು ಬೇಗ ಹೊರಡುವ ಜಾತಿ.
ಆಮೇಲೆ ಡಾರ್ವಿನ್: ಉದ್ದ ಕಾಲು, ದಪ್ಪ ತಲೆ,
ಮಂಜು ಹೊತ್ತೂ ಬಗ್ಗದೆ
ಪೆರೇಡಿಗೆ ನಿಂತ ಹುಡುಗನ ಹಾಗೆ.
ಲಿಲ್ಲಿಯಂಥದ್ದು ಚೂಪು ತುಟಿ ಹೊರಳಿಸಿತು.
ಇನ್ನೊಂದರ ಅಂಚೆಲ್ಲ ಚಿಂದಿ.
ಇಲಿ ಕಡಿಯಿತೇ, ಮಾವಿ?
ಇಲ್ಲವೇ, ಅದರ ಹುಟ್ಟೇ ಜಾಲರಿ.

ಗಿಣಿ ಟ್ಯುಲಿಪ್ ಮಾತ್ರ
ಎಲೆಕೋಸಿನ ಚೂರಿನಂತೆ ಹಸಿರಾಗಿ ಮುದುರಿತ್ತು.
ಎಸೆಯಹೊರಟೆ. ಕೈ ಹಿಡಿದರು.

ಹಳದಿಯೊಂದರ ಮೈಮೇಲೆ ಕೆಂಪು ಗೆರೆ,
ಬೆಂಕಿ ನೆಕ್ಕಿದ ಹಾಗೆ.
ಅಷ್ಟು ಚೆಲುವು ಬೇರಾವುದಕ್ಕೂ ಇರಲಿಲ್ಲ.
"ಸೋಂಕು" ಎಂದರು,
ಬುಡಸಮೇತ ಕಿತ್ತು, ಗೇಟಿನಾಚೆ ಒಯ್ದು ಸುಟ್ಟರು.
ನಾಪೋಕ್ಲಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಕೈ,
ಅಲುಗಲಿಲ್ಲ.

ಗಿಣಿ ಬಿರಿದದ್ದು ಅದಾದ ಐದನೆಯ ದಿನ,
ಮಾವಿ ಸಂತೆಗೆ ಹೋದಾಗ:
ಕಿತ್ತಳೆ, ಹಸಿರು, ಕಪ್ಪುಗೆಂಪು,
ಸುಕ್ಕು, ಗರಿ, ತಿರುಚು,
ಯಾವ ಶಿಸ್ತೂ ಇಲ್ಲ.
ಕಾಫಿ ಆರಿತು. ನಾನು ಏಳಲಿಲ್ಲ.