ನಲವತ್ತೊಂದು

ವಾರ್ಡು ಹದಿನಾಲ್ಕು. ನನಗೆ ಬಿದ್ದದ್ದು ನಲವತ್ತೊಂದು.
ಮೈಕಿನಲ್ಲಿ ಓದಿದವನು ಹೆಸರನ್ನೂ ಸರಿಯಾಗಿ ಓದಲಿಲ್ಲ,
ಮುಕ್ತಾ ತಾಂಡೇಲ ಹೋಗಿ ಮುತ್ತಾ ಆದೆ.
ಬೇಲಿಯಾಚೆ ಯಾರೋ ಪಟಾಕಿ ಹಚ್ಚಿದರು, ನನಗಲ್ಲ.
ಮನೆಗೆ ಬಂದು ಕಾಲು ತೊಳೆದು ಲೆಕ್ಕಕ್ಕೆ ಕೂತೆ.

ಲೆಕ್ಕ ನನಗೆ ಬರುತ್ತದೆ.
ನೂರಕ್ಕೆ ಎಂಟು ಬಂಗಡೆ, ಜಗಳಾಡಿದರೆ ಒಂಬತ್ತು,
ಸೊಂಟದ ಚೀಲದ ಚಿಲ್ಲರೆ ಕತ್ತಲಲ್ಲೂ ಎಣಿಸುತ್ತೇನೆ.
ನಮ್ಮ ಮನೆಯಲ್ಲಿ ಆರು. ದಾಯಾದಿಗಳು ಹನ್ನೊಂದು.
ದತ್ತಾರಾಮನ ಬೋಟಿನ ಹುಡುಗರು, ಅವರ ಹೆಂಡಂದಿರು: ಹದಿನೆಂಟು.
ಮೀನುಪೇಟೆಯ ಸಾಲಲ್ಲಿ ಕೂರುವವರು ಇಪ್ಪತ್ತಮೂರು.
ಒಟ್ಟು ಐವತ್ತೆಂಟು.
ಹದಿನೇಳು ಎಲ್ಲಿಯೋ ಸೋರಿದೆ.
ಬಲೆಯಾದರೆ ಬಿಸಿಲಿಗೆ ಹಿಡಿದು ತೂತು ಹುಡುಕಬಹುದಿತ್ತು.

ಬೀದಿಗಿಳಿದರೆ ಬೇರೆಯೇ ಲೆಕ್ಕ.
ಸೋಡಾ ಅಂಗಡಿಯ ಉಲ್ಲಾಸ, ಅಕ್ಕಾ ನನ್ನದು ನಿನಗೇ ಎಂದ.
ಐಸ್ ಫ್ಯಾಕ್ಟರಿಯ ಕಾವಲುಗಾರ ಎದೆ ಮುಟ್ಟಿಕೊಂಡ.
ಪಕ್ಷದ ಶಾಲು ಇನ್ನೂ ಕುತ್ತಿಗೆಯಲ್ಲಿದ್ದ ಪೋರನೊಬ್ಬ
ಸುತ್ತ ನೋಡಿ, ಕಣ್ಣು ಮಿಟುಕಿಸಿದ.
ಸಂಜೆಯೊಳಗೆ ಇನ್ನೂರು ದಾಟಿತು.
ಅಷ್ಟು ಬಿದ್ದಿದ್ದರೆ ಠೇವಣಿಯಾದರೂ ಉಳಿಯುತ್ತಿತ್ತು.

ಚಿಹ್ನೆಗೆ ದೋಣಿ ಕೇಳಿದ್ದೆ. ಪಟ್ಟಿಯಲ್ಲಿಲ್ಲ ಎಂದರು.
ಉಳಿದದ್ದು ಸೀಟಿ, ಕುಕ್ಕರು, ಹೊಲಿಗೆ ಯಂತ್ರ.
ಸೂಜಿಗೆ ದಾರ ಹಾಕಲು ಮೊಮ್ಮಗಳನ್ನು ಕರೆಯುವವಳು
ಹದಿನೈದು ದಿನ ಹೊಲಿಗೆ ಯಂತ್ರವಾಗಿ ತಿರುಗಿದೆ.
ಬೈತಖೋಲದ ಏರಿನಲ್ಲಿ ಮುದುಕಿಯೊಬ್ಬಳು
ಕರಪತ್ರ ನೋಡಿ ಒಳಗೆ ಹೋಗಿ
ಹರಿದ ಲಂಗ ತಂದು ಕೈಗಿಟ್ಟಳು: ನಾಳೆಗೆ ಬೇಕು.
ಸೊಸೆಯಿಂದ ಹೊಲಿಸಿ ಕೊಟ್ಟೆ.
ಓಟು ಹಾಕಿದಳೋ ಇಲ್ಲವೋ, ಲಂಗ ಮಾತ್ರ
ಮತದಾನದ ದಿನ ಅವಳ ಹಗ್ಗದ ಮೇಲೆ ಒಣಗುತ್ತಿತ್ತು.

ಗೆದ್ದವರ ಕಡೆಯ ಲಕೋಟೆ ನಮ್ಮ ಮನೆಗೂ ಬಂದಿತ್ತು.
ಸರಿಯಾಗಿ ಆರು.
ಅವರ ಪಟ್ಟಿ ನನ್ನದಕ್ಕಿಂತ ಚೊಕ್ಕ.
ಹಿಂತಿರುಗಿಸಿದೆ ಆರನ್ನೂ. ಐದು ಎಂದು ಮಗ ನಂತರ ಒಪ್ಪಿಕೊಂಡ.

ಇನ್ನು ಆ ಕೊನೆಯ ಗುಂಡಿಯವನು, ಮೇಲಿನ ಯಾರೂ ಅಲ್ಲ.
ಅವನಿಗೆ ಅರವತ್ತಮೂರು!
ಒಂದು ಚಹಾ ಕುಡಿಸಲಿಲ್ಲ, ಕೈ ಮುಗಿಯಲಿಲ್ಲ,
ಯಾರ ಲಂಗವನ್ನೂ ಹೊಲಿಸಲಿಲ್ಲ ಪುಣ್ಯಾತ್ಮ.

ನಾನು ಹೇಳಿಕೊಂಡದ್ದು ಒಂದೇ ಮಾತು.
ಮೀನುಪೇಟೆಗೆ ಹೆಂಗಸರ ಕಕ್ಕಸು.
ಬಾಗಿಲಿರಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ, ನಲ್ಲಿಯಲ್ಲಿ ನೀರು.
ಬೆಳಗಿನ ಐದಕ್ಕೆ ಬುಟ್ಟಿ ಇಳಿಸಿದವರು
ಮಧ್ಯಾಹ್ನದವರೆಗೆ ಹನಿ ನೀರು ಕುಡಿಯುವುದಿಲ್ಲ,
ಕುಡಿದರೆ ಹೋಗುವುದೆಲ್ಲಿ?
ಎದುರಿಗೆ ಅಷ್ಟು ದೊಡ್ಡ ಸಮುದ್ರ, ನಾಲಿಗೆ ಒಣಗಿದ ತೋರಿ.
ಇದನ್ನು ವೇದಿಕೆಯ ಮೇಲೆ ಹೇಳುವುದೇ ಎಂದು
ನಮ್ಮ ಹಿರಿಯರೇ ತಲೆ ತಗ್ಗಿಸಿದರು.

ಮರುದಿನ ಅದೇ ಜಾಗ, ಅದೇ ಮಣೆ.
ಬಲಕ್ಕೆ ಪಿಯೆದಾದ ಬಾಯಿ. ಬುಟ್ಟಿಯ ಜಾಗಕ್ಕೆ ಒಂದು ಗೇಣಿನ ತಂಟೆ,
ಹನ್ನೊಂದು ವರ್ಷದಿಂದ ಮಾತಿಲ್ಲ.
ಅವಳನ್ನು ಆ ಇಪ್ಪತ್ತಮೂರರಲ್ಲಿ ನಾನು ಹಿಡಿದೇ ಇರಲಿಲ್ಲ.
ನನ್ನ ಕಡೆ ನೋಡದೆ, ನೊಗಲಿ ಮೀನಿಗೆ ನೀರು ಚಿಮುಕಿಸುತ್ತ,
ತನ್ನ ಬುಟ್ಟಿಯನ್ನು ಕಾಲಿನಿಂದ ಆಚೆ ದೂಡಿದಳು.
ಒಂದು ಗೇಣು.

ಹನ್ನೊಂದು ಗಂಟೆಗೆ ನನಗೆ ತಡೆಯಲಾಗಲಿಲ್ಲ.
ಎದ್ದೆ. ಅವಳೂ ಎದ್ದಳು.
ಐಸ್ ಫ್ಯಾಕ್ಟರಿಯ ಹಿಂದಿನ ಮುರುಕು ಗೋಡೆಗೆ
ಒಂದು ಮಗ್ಗುಲಿಲ್ಲ.
ಅಲ್ಲಿ ಅವಳು ಸೆರಗು ಬಿಡಿಸಿ, ಎರಡೂ ಕೈ ಅಗಲಿಸಿ,
ನನಗೆ ಬೆನ್ನು ಹಾಕಿ ನಿಂತಳು.
ಬಟ್ಟೆಯ ಅಂಚು ಹಿಡಿದ ಎಡಗೈ,
ಬೆರಳಿನ ಮೇಲೆ ಮೀನಿನ ಹುರುಪೆ,
ಹುರುಪೆಯ ಕೆಳಗೆ ಶಾಯಿ, ಇನ್ನೂ ಕಪ್ಪಗೆ.

ಯಾರಿಗೆ ಅಂತ ನಾನು ಕೇಳಲಿಲ್ಲ.
ಬೇಗ ಮುಗಿಸೇ, ಬೆಕ್ಕು ಬರುತ್ತದೆ ಬುಟ್ಟಿಗೆ, ಎಂದಳು.