ನಾಲ್ಕು ಅಕ್ಷರದ ಜಾಗ

ಮೂವತ್ತೊಂದು ವರ್ಷ ಜಾಗದ ದಲ್ಲಾಳಿ ನಾನು.
ಬದಿಯಡ್ಕದ ರಿಜಿಸ್ಟ್ರಾರ್ ಕಚೇರಿ ಎದುರಿನ ಬೆಂಚು
ನನ್ನ ಬೆನ್ನಿನ ಆಕಾರಕ್ಕೆ ಸವೆದಿದೆ.
ಯಾವ ಗುಡ್ಡೆಯನ್ನೂ ಒಮ್ಮೆ ನಡೆದು
ಸೆಂಟಿಗೆ ಇಷ್ಟು ಎಂದರೆ
ಹೆಚ್ಚುಕಮ್ಮಿ ಅಷ್ಟಕ್ಕೇ ಹೋಗುತ್ತಿತ್ತು.

ಮೊನ್ನೆ ರಂಸೀನಾ ಬಂದಳು,
ಮೀನು ಮಾರ್ಕೆಟಿನ ಹಿಂದೆ ಮೊಬೈಲ್ ರಿಪೇರಿ ಮಾಡುವವಳು.
"ಬಟ್ಯಪ್ಪಣ್ಣ, ಒಂದು ಜಾಗ ನೋಡಿ ರೇಟು ಹೇಳಬೇಕು."
ಕೊಡೆ ಹಿಡಿದು ಎದ್ದೆ.
"ನಡೆಯುವುದಕ್ಕಿಲ್ಲ" ಎಂದು ಫೋನು ಚಾಚಿದಳು.
ಕೆ, ಓ, ಎಲ್, ಎ. ಒಂದು ಚುಕ್ಕಿ. ಇನ್.

ಯಾರೋ ವರ್ಷದ ಬಾಡಿಗೆ ಕಟ್ಟಲು ಮರೆತರಂತೆ,
ರಾತ್ರಿ ಎರಡೂವರೆಗೆ ಹೆಸರು ಕಳಚಿ ಬಿದ್ದಾಗ
ಇವಳು ಎಚ್ಚರವಿದ್ದಳಂತೆ.
ಈಗ ಹೊಸದುರ್ಗದ ಸೋಡಾ ಕಂಪೆನಿಗೆ ಅದು ಬೇಕು.
(ಹೊಸದುರ್ಗ ಎನ್ನುವವನು ನಾನು,
ಬಸ್ಸಿನ ಬೋರ್ಡು ಕಾಞಂಗಾಡ್ ಎನ್ನುತ್ತದೆ,
ಟಿಕೇಟು ಎರಡಕ್ಕೂ ಒಂದೇ.)

ಮೊದಲು ನಕ್ಕೆ. ಆಮೇಲೆ ಅಭ್ಯಾಸಬಲ:
ರಸ್ತೆ ಉಂಟಾ?
"ಡಾಟ್ ಕಾಮ್ ಆಗಿದ್ದರೆ ಹೆದ್ದಾರಿ ಬದಿ.
ಇದು ಪಂಚಾಯತ್ ರಸ್ತೆ, ಆದರೆ ಡಾಂಬರಾಗಿದೆ."
ಅಳತೆ?
"ನಾಲ್ಕೇ ಅಕ್ಷರ. ಇಷ್ಟು ಚಿಕ್ಕದು ಈಗ ಎಲ್ಲೂ ಖಾಲಿ ಇಲ್ಲ."
ಚಿಕ್ಕದಾದಷ್ಟೂ ದುಬಾರಿಯಂತೆ!
ನಮ್ಮಲ್ಲಿ ನಾಲ್ಕು ಸೆಂಟು ಎಂದರೆ
ಸರಕಾರ ಧರ್ಮಕ್ಕೆ ಕೊಡುವ ಕಾಲೊನಿ.
ನೆರೆಕರೆಯ ತಕರಾರು?
"ಬೇರೆಯವರ ಟ್ರೇಡ್‌ಮಾರ್ಕ್ ಇದ್ದರೆ ಬೇಲಿ ಅವರದ್ದು.
ಹುಡುಕಿದ್ದೇನೆ. ಆ ಕಡೆ ಸದ್ಯಕ್ಕೆ ಕಾಡು."

ರೇಟು ಹೇಳುವ ಯಂತ್ರವೂ ಉಂಟಂತೆ,
ಹತ್ತೊಂಬತ್ತು ಸಾವಿರ ಎಂದಿತಂತೆ.
ಗೊತ್ತಾಯಿತು, ಸರಕಾರದ ಫೇರ್ ವ್ಯಾಲ್ಯೂ ಇದ್ದ ಹಾಗೆ:
ಮುದ್ರಾಂಕಕ್ಕೆ ಸಾಕು,
ಆ ಬೆಲೆಗೆ ಮಾರಿದವನ ಮುಖ ನಾನು ಕಂಡಿಲ್ಲ.

"ಒಂದು ಪರೀಕ್ಷೆ ಬಾಕಿ" ಎಂದಳು.
"ಫೋನಿನಲ್ಲಿ ಅಕ್ಷರ ಹೇಳಿ,
ಕೇಳಿದವರು ಅದನ್ನು ಏನೆಂದು ಓದುತ್ತಾರೆ ನೋಡಿ."

ನನ್ನ ಕಣ್ಣಿಗೆ ಅದು ಆಗಲೇ ಕೊಳ.
ಕೆಂಪುಕಲ್ಲಿನ ಮೆಟ್ಟಿಲು, ಮೂರನೆಯದರಲ್ಲಿ ಜಾರಿಕೆ,
ತಳದಲ್ಲಿ ಯಾರದೋ ಹಿತ್ತಾಳೆ ಚೊಂಬು.
ಆದರೆ ಇಂಗ್ಲಿಷಿಗೆ ಳ ಇಲ್ಲ, ಕೊಂಬುದೀರ್ಘವಿಲ್ಲ,
ಎಲ್ಲವನ್ನೂ ಒಂದೇ ಹಲಗೆಯಡಿ ತೂರಿಸುತ್ತದೆ.

ಚಾದಂಗಡಿಯ ಕುಞ್ಞಂಬು ಗ್ಲಾಸು ಕೆಳಗಿಟ್ಟ ಸದ್ದು ಕೇಳಿಸಿತು.
"ಕೊಲ? ಎವಿಡೆ?"
ಅವನ ಮಲಯಾಳದಲ್ಲಿ ಹೆಣ ಬಿದ್ದಾಗಿತ್ತು.
ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಮಾಲಿಂಗ ನಾಯ್ಕರು
ಗಂಟಲು ಸರಿಮಾಡಿಕೊಂಡು,
"ಕೋಳವಾ? ಯಾರಿಗೆ?"
ದಸ್ತಾವೇಜು ಬರೆಯುವವರ ಸಣ್ಣ ಮಗ ಮಾತ್ರ
"ತಣ್ಣಗೆ ಉಂಟಾ?" ಎಂದ.

ರಂಸೀನಾಳ ಮುಖ ಸಪ್ಪಗಾಯಿತು.
"ಮೂವರಿಗೆ ಮೂರು. ಗಡಿಕಲ್ಲಿಲ್ಲದ ಜಾಗ ಇದು,
ರೇಟು ಬಿತ್ತು."

ಸಿಗರೇಟು ಪ್ಯಾಕಿನ ಒಳಮೈಯಲ್ಲಿ
ಒಂದು ಎಂಬತ್ತು ಎಂದು ಗೀಚಿ ಜೇಬಿಗಿಳಿಸಿದೆ.
ನಾಳೆ ಹೇಳುತ್ತೇನೆ ಎಂದೆ.
ಒಂದು ರಾತ್ರಿ ಮನೆಯಲ್ಲಿ ಮಲಗಿಸದೆ
ಬೆಲೆಯನ್ನು ನಾನು ಯಾರಿಗೂ ಕೊಟ್ಟವನಲ್ಲ.

ಊಟಕ್ಕೆ ಕುಳಿತು ಹೆಂಡತಿಗೂ ಹೇಳಿದೆ,
ಕೆ, ಓ, ಎಲ್, ಎ, ಒಂದೊಂದೇ.
ಹುರುಳಿ ಸಾರಿನ ಸೌಟು ಗಾಳಿಯಲ್ಲೇ ನಿಂತಿತು.
"ಕೋಲ? ಏಪ? ಏರೆನ ಇಲ್ಲಡ್?"
ಯಾವಾಗ, ಯಾರ ಮನೆಯಲ್ಲಿ.
ಆಗಲೇ ಅವಳ ಕಿವಿಯಲ್ಲಿ ತೆಂಬರೆ,
ಆಗಲೇ ಪೆಟ್ಟಿಗೆಯಲ್ಲಿ ಒಂದು ಸೀರೆ ಆರಿಸಿಯಾಗಿತ್ತು.

ಎಲ್ಲಿ, ಯಾರಿಗೆ, ತಣ್ಣಗೆ ಉಂಟಾ, ಯಾವಾಗ.
ಬೇಡ ಎಂದವರು, ನಾಳೆ ನೋಡುವ ಎಂದವರು
ಒಬ್ಬರೂ ಇಲ್ಲ.
ಇಷ್ಟು ವರ್ಷ ಜಾಗ ತೋರಿಸಿದ್ದೇನೆ,
ಗೇಟು ತೆರೆಯುವ ಮೊದಲೇ
ಎಲ್ಲರೂ ಒಳಗಿದ್ದ ಜಾಗ ಬೇರೆ ನೆನಪಿಲ್ಲ.

ಕೈತೊಳೆದು ಬಂದು ಪ್ಯಾಕು ಬಿಡಿಸಿ
ಒಂದನ್ನು ಎರಡು ಮಾಡಿದೆ.

ಕೊಳ ಮಾತ್ರ ಯಾರಿಗೂ ಕೇಳಿಸಲಿಲ್ಲ.
ಕ್ರಯಚೀಟಿಯಲ್ಲಿ ಅದನ್ನು ಸೇರಿಸಿಲ್ಲ.